ನಾಲ್ಕು ಲಕ್ಷ ಸಹಿ



ಸಹಿ ಹಾಕಲು ಕಲಿತ ಮೇಲೆ ನಾವು ಎಲ್ಲೆಲ್ಲಿ ಸಹಿ ಹಾಕುತ್ತೇವೆ? ಸಂಘದ ಪುಸ್ತಕದಲ್ಲಿ ಹಾಕುತ್ತೇವೆ. ಬ್ಯಾಂಕಿನ ಚೀಟಿಯ ಮೇಲೆ ಹಾಕುತ್ತೇವೆ. ಮಗುವಿನ ಅಂಕಪಟ್ಟಿಯ ಮೇಲೆ ಹಾಕುತ್ತೇವೆ. ಕೇರಿಗೆ ನೀರಿನ ನಲ್ಲಿ ಬೇಕು ಎಂದು ಪಂಚಾಯ್ತಿಗೆ ಕೊಡುವ ಅರ್ಜಿಯ ಮೇಲೂ ಹಾಕುತ್ತೇವೆ.

"ನನ್ನೊಬ್ಬಳ ಸಹಿಯಿಂದ ಏನಾದೀತು?" ಅಂತ ಕೆಲವರು ಕೇಳ್ತಾರೆ. ಒಬ್ಬಳ ಸಹಿಯ ಜೊತೆಗೆ ನೂರು ಸಹಿ ಸೇರಿದರೆ? ಸಾವಿರ ಸೇರಿದರೆ? ಲಕ್ಷ ಸೇರಿದರೆ?

ಹೀಗೆ ಸಹಿ ಕೂಡಿಸಿದ ಹೆಣ್ಣುಮಕ್ಕಳ ಸಂಗತಿ ಒಂದಿದೆ. ಅದು ಅಮೆರಿಕ ದೇಶದ್ದು. ನೂರ ಅರವತ್ತು ವರ್ಷಕ್ಕೂ ಹಿಂದಿನದು. ಆಗ ಆ ಹೆಣ್ಣುಮಕ್ಕಳಿಗೆ ಓಟು ಇರಲಿಲ್ಲ. ಆದರೂ ತಮ್ಮ ದೇಶದ ಸಂವಿಧಾನವನ್ನೇ ತಿದ್ದಬೇಕು ಎಂದು ಅವರು ಹೊರಟರು. ಯಾಕೆ ಹೊರಟರು? ಏನಾಯಿತು? ಓದೋಣ ಬನ್ನಿ.

ಮನುಷ್ಯರನ್ನು ಮಾರುವ ಸಂತೆ

ಸಂತೆಯಲ್ಲಿ ದನ ಮಾರುವುದನ್ನು ನಾವು ನೋಡಿದ್ದೇವೆ. ಹಲ್ಲು ನೋಡ್ತಾರೆ. ಕಾಲು ನೋಡ್ತಾರೆ. ಬೆಲೆ ಕಟ್ತಾರೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಮನುಷ್ಯರನ್ನು ಹೀಗೆ ಮಾರುತ್ತಿದ್ದರು.

ಆಫ್ರಿಕಾ ಖಂಡದಿಂದ ಕಪ್ಪು ಜನರನ್ನು ಹಿಡಿದು, ಹಡಗಿನಲ್ಲಿ ತುಂಬಿ, ಸಮುದ್ರ ದಾಟಿಸುತ್ತಿದ್ದರು. 1619ರಲ್ಲಿ ವರ್ಜೀನಿಯಾ ಎಂಬ ಕಡೆಗೆ ಸುಮಾರು 20 ಜನರನ್ನು ತಂದರು. ಆಮೇಲೆ ಲಕ್ಷಾಂತರ ಜನರನ್ನು ತಂದರು. ಅವರು ಹತ್ತಿ, ಹೊಗೆಸೊಪ್ಪು, ಕಬ್ಬು, ಭತ್ತದ ಹೊಲಗಳಲ್ಲಿ ದುಡಿಯಬೇಕಿತ್ತು. ಕೂಲಿ ಇಲ್ಲ. ಬಿಟ್ಟು ಹೋಗುವಂತಿಲ್ಲ. ಇವರೇ ಗುಲಾಮರು.

ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ. ಹಾಲು ಕುಡಿಯುವ ಮಗುವನ್ನು ಒಬ್ಬನಿಗೆ, ತಾಯಿಯನ್ನು ಇನ್ನೊಬ್ಬನಿಗೆ ಮಾರಿದರೂ ಕೇಳುವವರಿಲ್ಲ. ಗಂಡ ಹೆಂಡತಿಯನ್ನು ಬೇರೆ ಮಾಡಿದರೂ ಕೇಳುವವರಿಲ್ಲ. ಅವರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ.

1860ರಲ್ಲಿ ಅಮೆರಿಕದಲ್ಲಿ ಜನಗಣತಿ ಆಯಿತು. ಆಗ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ.

ಅಕ್ಷರ ಕಲಿಸಿದರೆ ಶಿಕ್ಷೆ

ದಕ್ಷಿಣದ ಹಲವು ರಾಜ್ಯಗಳಲ್ಲಿ ಇನ್ನೊಂದು ಕಾನೂನು ಇತ್ತು. ಗುಲಾಮರಿಗೆ ಓದು ಬರಹ ಕಲಿಸಬಾರದು. ಕಲಿಸಿದರೆ ಶಿಕ್ಷೆ. ಧಣಿಗಳಿಗೆ ಅಕ್ಷರ ಕಂಡರೆ ಅಷ್ಟು ಹೆದರಿಕೆ ಯಾಕೆ? ಇದನ್ನು ತಿಳಿಯಲು ಒಬ್ಬ ಹುಡುಗನ ಕಥೆ ಸಾಕು.

ಆ ಹುಡುಗನ ಹೆಸರು ಫ್ರೆಡರಿಕ್. ಧಣಿಯ ಹೆಂಡತಿ ಅವನಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದಳು. ಅದು ಧಣಿಗೆ ಗೊತ್ತಾಯಿತು. ಓದು ಕಲಿತ ಗುಲಾಮ ಕೈಗೆ ಸಿಗುವುದಿಲ್ಲ ಎಂದು ಗದರಿಸಿ ಪಾಠ ನಿಲ್ಲಿಸಿದ. ಹುಡುಗ ಆ ಮಾತು ಕೇಳಿಸಿಕೊಂಡ. ಹಾಗಾದರೆ ಬಿಡುಗಡೆಯ ದಾರಿ ಇದೇ ಎಂದು ಅವನಿಗೆ ಹೊಳೆಯಿತು. ಬೀದಿಯ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು, ಅವರಿಂದ ಒಂದೊಂದೇ ಪಾಠ ಕಲಿತ.

1838ರಲ್ಲಿ ಫ್ರೆಡರಿಕ್ ತಪ್ಪಿಸಿಕೊಂಡು ಉತ್ತರದ ರಾಜ್ಯಗಳಿಗೆ ಹೋದರು. 1845ರಲ್ಲಿ ತಮ್ಮ ಬಾಳಿನ ಕಥೆಯನ್ನು ಪುಸ್ತಕವಾಗಿ ಬರೆದರು. ಊರೂರು ಸುತ್ತಿ ಗುಲಾಮಗಿರಿಯ ವಿರುದ್ಧ ಮಾತಾಡಿದರು. ಅವರೇ ಹೆಸರಾಂತ ಹೋರಾಟಗಾರ ಫ್ರೆಡರಿಕ್ ಡಗ್ಲಸ್.

ತಾಯಿ ಕಾನೂನು

ಸಂವಿಧಾನ ಎಂದರೆ ಏನು? ಅದು ದೇಶದ ಎಲ್ಲ ಕಾನೂನುಗಳಿಗೂ ತಾಯಿ ಕಾನೂನು. ಅದಕ್ಕೆ ಎದುರಾದ ಕಾನೂನು ನಿಲ್ಲುವುದಿಲ್ಲ.

ಅಮೆರಿಕದ ಸಂವಿಧಾನವನ್ನು 1787ರಲ್ಲಿ ಬರೆದರು. ಅದರಲ್ಲಿ ಗುಲಾಮ ಎಂಬ ಪದವೇ ಇರಲಿಲ್ಲ. ಆದರೆ ಗುಲಾಮಗಿರಿ ಮಾತ್ರ ಒಳಗೇ ಇತ್ತು. ಹೇಗೆ ಅಂತೀರಾ? ಪ್ರತಿ ರಾಜ್ಯಕ್ಕೆ ಎಷ್ಟು ಜನ ಪ್ರತಿನಿಧಿಗಳು ಎಂದು ಜನಸಂಖ್ಯೆಯ ಮೇಲೆ ಲೆಕ್ಕ ಹಾಕಬೇಕಿತ್ತು. ಆ ಲೆಕ್ಕದಲ್ಲಿ 5 ಜನ ಗುಲಾಮರನ್ನು 3 ಜನ ಎಂದು ಹಿಡಿದರು. ಓಟು ಗುಲಾಮರಿಗಿಲ್ಲ. ಆದರೆ ಅವರ ತಲೆ ಎಣಿಸಿ ಧಣಿಗಳ ರಾಜ್ಯಕ್ಕೆ ಹೆಚ್ಚು ಸ್ಥಾನ! ಗುಲಾಮ ಓಡಿಹೋಗಿ ಬೇರೆ ರಾಜ್ಯ ಸೇರಿದರೆ, ಹಿಡಿದು ಧಣಿಗೆ ಒಪ್ಪಿಸಬೇಕು ಎಂದೂ ಬರೆದಿದ್ದರು.

ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ಬಿಟ್ಟವು. ದಕ್ಷಿಣದ ರಾಜ್ಯಗಳು ಬಿಡಲಿಲ್ಲ. ಒಂದೇ ದೇಶ, ಎರಡು ಬಗೆಯ ಕಾನೂನು.

ಕೋರ್ಟಿನ ಮೆಟ್ಟಿಲು ಹತ್ತಿದವರು

ನ್ಯೂಯಾರ್ಕ್ ರಾಜ್ಯದಲ್ಲಿ ಇಸಬೆಲ್ಲಾ ಎಂಬ ಗುಲಾಮ ಹೆಂಗಸು ಇದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. 1826ರಲ್ಲಿ ಎಳೆಯ ಕೂಸನ್ನು ಎತ್ತಿಕೊಂಡು ಧಣಿಯ ಮನೆಯಿಂದ ಹೊರಟುಬಂದರು. ಅವರ ಇನ್ನೊಬ್ಬ ಮಗ ಪೀಟರ್. ಅವನನ್ನು ದೂರದ ದಕ್ಷಿಣದ ರಾಜ್ಯಕ್ಕೆ ಮಾರಿಬಿಟ್ಟಿದ್ದರು. ಹಾಗೆ ಹೊರ ರಾಜ್ಯಕ್ಕೆ ಮಾರುವುದು ನ್ಯೂಯಾರ್ಕಿನ ಕಾನೂನಿಗೆ ವಿರುದ್ಧ. ಇಸಬೆಲ್ಲಾ ಕೋರ್ಟಿಗೆ ಹೋದರು. 1828ರಲ್ಲಿ ಗೆದ್ದರು. ಮಗನನ್ನು ಮರಳಿ ಪಡೆದರು. ಮುಂದೆ ಅವರೇ ತಮಗೆ ಸೋಜರ್ನರ್ ಟ್ರೂತ್ ಎಂದು ಹೊಸ ಹೆಸರಿಟ್ಟುಕೊಂಡರು. ಅದರ ಅರ್ಥ, ಸತ್ಯ ಹೇಳುತ್ತಾ ಸುತ್ತುವವಳು ಎಂದು. ಹಾಗೆಯೇ ಸುತ್ತಿದರು.

ಇಲ್ಲಿ ಒಂದು ಮಾತು ಗಮನಿಸೋಣ. ಆ ತಾಯಿಗೆ ಧೈರ್ಯವಿತ್ತು. ಜೊತೆಗೆ ಆ ರಾಜ್ಯದಲ್ಲಿ ಕಾನೂನೂ ಇತ್ತು. ಎರಡೂ ಇದ್ದದ್ದರಿಂದ ಗೆದ್ದರು.

ಎಲ್ಲರಿಗೂ ಹೀಗಾಗಲಿಲ್ಲ. ಡ್ರೆಡ್ ಸ್ಕಾಟ್ ಮತ್ತು ಅವರ ಹೆಂಡತಿ ಹ್ಯಾರಿಯೆಟ್ 1846ರಲ್ಲಿ ಬಿಡುಗಡೆಗಾಗಿ ಕೋರ್ಟಿಗೆ ಹೋದರು. ಗುಲಾಮಗಿರಿ ಇಲ್ಲದ ನೆಲದಲ್ಲಿ ನಾವು ಬಾಳಿದ್ದೇವೆ, ಆದ್ದರಿಂದ ನಾವು ಗುಲಾಮರಲ್ಲ ಎಂದು ವಾದಿಸಿದರು. 11 ವರ್ಷ ಕೋರ್ಟಿಗೆ ಅಲೆದರು. 1857ರಲ್ಲಿ ದೇಶದ ದೊಡ್ಡ ಕೋರ್ಟು ತೀರ್ಪು ಕೊಟ್ಟಿತು. ಕಪ್ಪು ಜನರು ಈ ದೇಶದ ಪ್ರಜೆಗಳೇ ಅಲ್ಲ, ಅವರು ಈ ಕೋರ್ಟಿಗೆ ಬರುವಂತಿಲ್ಲ ಎಂದುಬಿಟ್ಟಿತು!

ತಾಯಿ ಕಾನೂನೇ ಕೈಬಿಟ್ಟರೆ ಬಡವರು ಎಲ್ಲಿಗೆ ಹೋಗಬೇಕು? ಆ ತಾಯಿ ಕಾನೂನನ್ನೇ ತಿದ್ದಬೇಕು. ಆದರೆ ಅದು ಸುಲಭವಲ್ಲ.

ಮೂಲೆಗೆ ಬಿದ್ದ ಅರ್ಜಿಗಳು

ಗುಲಾಮಗಿರಿಯ ವಿರುದ್ಧ ಅರ್ಜಿ ಬರೆಯುವುದು 1863ರಲ್ಲಿ ಶುರುವಾದದ್ದಲ್ಲ. 1830ರ ನಂತರದ ವರ್ಷಗಳಲ್ಲೇ ಸಾವಿರಾರು ಹೆಂಗಸರು ಮನೆ ಮನೆಗೆ ಹೋಗಿ ಸಹಿ ಕೂಡಿಸಿದ್ದರು. ಆ ಅರ್ಜಿಗಳು ಅಮೆರಿಕದ ಸಂಸತ್ತಿಗೆ ಹೋದವು. ಅಲ್ಲಿ ಏನಾಯಿತು ಗೊತ್ತಾ? ಸಂಸತ್ತಿನ ಕೆಳಮನೆ 1836ರಲ್ಲಿ ಒಂದು ನಿಯಮ ಮಾಡಿತು. ಗುಲಾಮಗಿರಿಯ ಬಗ್ಗೆ ಬಂದ ಅರ್ಜಿಗಳನ್ನು ಓದಬಾರದು, ಚರ್ಚಿಸಬಾರದು, ಹಾಗೇ ಬದಿಗಿಡಬೇಕು!

ಹೆಂಗಸರು ಸುಮ್ಮನಾಗಲಿಲ್ಲ. ಅರ್ಜಿಗಳು ಇನ್ನೂ ಹೆಚ್ಚಾದವು. ಜಾನ್ ಕ್ವಿನ್ಸಿ ಆಡಮ್ಸ್ ಎಂಬ ಸದಸ್ಯರು ಕೆಳಮನೆಯೊಳಗೆ ನಿಂತು ವರ್ಷಗಟ್ಟಲೆ ಜಗಳ ಮಾಡಿದರು. ಕೊನೆಗೆ 1844ರಲ್ಲಿ ಆ ನಿಯಮ ರದ್ದಾಯಿತು. ಅರ್ಜಿ ಕೊಟ್ಟವರು ಪಟ್ಟು ಬಿಡದೆ ಇದ್ದದ್ದೇ ಒಳ್ಳೆಯದಾಯಿತು.

ಯುದ್ಧ ಬಂತು

1860ರ ನವೆಂಬರಿನಲ್ಲಿ ಅಬ್ರಹಾಂ ಲಿಂಕನ್ ಅಮೆರಿಕದ ಅಧ್ಯಕ್ಷರಾಗಿ ಆರಿಸಿ ಬಂದರು. ಗುಲಾಮಗಿರಿ ಹೊಸ ಜಾಗಗಳಿಗೆ ಹರಡಬಾರದು ಎಂಬುದು ಅವರ ಪಕ್ಷದ ನಿಲುವು. ದಕ್ಷಿಣದ ಧಣಿಗಳಿಗೆ ಸಿಟ್ಟು ಬಂತು. ಒಂದೊಂದೇ ರಾಜ್ಯ ದೇಶದಿಂದ ಬೇರೆಯಾಗಲು ಹೊರಟಿತು. ಹೀಗೆ ಬೇರೆಯಾದವು ಒಟ್ಟು 11 ರಾಜ್ಯಗಳು.

ಅವರನ್ನು ಸಮಾಧಾನ ಮಾಡಲು 1861ರ ಮಾರ್ಚಿಯಲ್ಲಿ ಸಂಸತ್ತು ಒಂದು ತಿದ್ದುಪಡಿಗೆ ಒಪ್ಪಿತು. ರಾಜ್ಯಗಳಲ್ಲಿರುವ ಗುಲಾಮಗಿರಿಯನ್ನು ಸಂಸತ್ತು ಎಂದೂ ಮುಟ್ಟಬಾರದು ಎಂಬ ತಿದ್ದುಪಡಿ ಅದು! ರಾಜ್ಯಗಳ ಒಪ್ಪಿಗೆ ಸಾಲದೆ ಅದು ಬಿದ್ದುಹೋಯಿತು. ನೋಡಿ, ಸಂವಿಧಾನವನ್ನು ಒಳ್ಳೆಯದಕ್ಕೂ ತಿದ್ದಬಹುದು, ಕೆಟ್ಟದ್ದಕ್ಕೂ ತಿದ್ದಲು ಹೊರಡಬಹುದು. ಅದಕ್ಕೇ ಜನ ಎಚ್ಚರವಾಗಿರಬೇಕು.

1861ರ ಏಪ್ರಿಲಿನಲ್ಲಿ ಯುದ್ಧ ಶುರುವಾಯಿತು. ನಾಲ್ಕು ವರ್ಷ ನಡೆಯಿತು. 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಯುದ್ಧದ ನಡುವೆ ಗುಲಾಮರು ಕೈಕಟ್ಟಿ ಕೂರಲಿಲ್ಲ. ಹೊಲ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು, ಉತ್ತರದ ಸೈನ್ಯದ ಕಡೆಗೆ ನಡೆದರು. ಸುಮಾರು 1 ಲಕ್ಷ 80 ಸಾವಿರ ಕಪ್ಪು ಗಂಡಸರು ಸೈನ್ಯ ಸೇರಿ ಹೋರಾಡಿದರು. ಹ್ಯಾರಿಯೆಟ್ ಟಬ್ಮನ್ ಎಂಬ ಧೀರ ಮಹಿಳೆ ಯುದ್ಧಕ್ಕೆ ಮೊದಲೇ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದರು. ಆಮೇಲೆ ಮತ್ತೆ ಮತ್ತೆ ಗುಟ್ಟಾಗಿ ಹಿಂದಿರುಗಿ ಸುಮಾರು 70 ಜನರನ್ನು ಬಿಡಿಸಿ ತಂದಿದ್ದರು. ಈಗ ಸೈನ್ಯಕ್ಕೆ ದಾರಿ ತೋರಿಸಿದರು, ಗಾಯಾಳುಗಳ ಸೇವೆ ಮಾಡಿದರು.

1863ರ ಜನವರಿ 1ರಂದು ಲಿಂಕನ್ ಒಂದು ಘೋಷಣೆ ಹೊರಡಿಸಿದರು. ಬಂಡೆದ್ದ ಪ್ರದೇಶಗಳ ಗುಲಾಮರೆಲ್ಲ ಇಂದಿನಿಂದ ಸ್ವತಂತ್ರರು ಎಂದರು. ಎಷ್ಟೋ ಜನ ಕುಣಿದಾಡಿದರು. ಆದರೆ ತಿಳಿದವರಿಗೆ ಎರಡು ಚಿಂತೆ ಕಾಡಿತು.

ಒಂದು, ಬಂಡೇಳದ ಕೆಲವು ರಾಜ್ಯಗಳಲ್ಲೂ ಗುಲಾಮರಿದ್ದರು. ಅವರಿಗೆ ಈ ಘೋಷಣೆ ಅನ್ವಯಿಸಲಿಲ್ಲ. ಎರಡು, ಇದು ಯುದ್ಧಕಾಲದ ಆಜ್ಞೆ. ಯುದ್ಧ ಮುಗಿದ ಮೇಲೆ ಕೋರ್ಟು ಇದನ್ನು ತಳ್ಳಿಹಾಕಿದರೆ?

ಆದ್ದರಿಂದ ಸಂವಿಧಾನದಲ್ಲೇ ಬರೆದಿಡಬೇಕು. ಯಾರು ಬಂದರೂ ಅಳಿಸಲಾಗದ ಹಾಗೆ ಬರೆದಿಡಬೇಕು.

ಹೆಂಗಸರು ಹೊರಟರು

1863ರ ಮೇ 14ರಂದು ನ್ಯೂಯಾರ್ಕ್ ನಗರದಲ್ಲಿ ಹೆಂಗಸರ ದೊಡ್ಡ ಸಭೆ ಸೇರಿತು. ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸೂಸನ್ ಆಂಟನಿ ಎಂಬ ಗೆಳತಿಯರು ಅದರ ಮುಂದಾಳುಗಳು. ಅವರು ಒಂದು ಸಂಘ ಕಟ್ಟಿದರು. ಗುಲಾಮಗಿರಿಯನ್ನು ಪೂರ್ತಿ ತೆಗೆಯಬೇಕು ಎಂದು ಮನವಿ ಬರೆದರು. ಅದಕ್ಕೆ 10 ಲಕ್ಷ ಸಹಿ ಕೂಡಿಸುವ ಗುರಿ ಇಟ್ಟರು.

ಆಗ ಫೋನಿಲ್ಲ, ಬಸ್ಸಿಲ್ಲ. ಮನವಿಯ ಹಾಳೆಗಳನ್ನು ಊರೂರಿಗೆ ಅಂಚೆಯಲ್ಲಿ ಕಳಿಸಿದರು. ಊರಿನ ಹೆಂಗಸರು ಹಾಳೆ ಹಿಡಿದು ಮನೆ ಮನೆಗೆ ಹೋದರು. ಸಹಿ ತುಂಬಿದ ಹಾಳೆಗಳು ಮರಳಿ ಬಂದವು. ಅವನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿದರು. ಯಾವ ರಾಜ್ಯದಿಂದ ಎಷ್ಟು ಸಹಿ, ಹೆಂಗಸರದೆಷ್ಟು, ಗಂಡಸರದೆಷ್ಟು ಎಂದು ಲೆಕ್ಕ ಬರೆದರು.

1864ರ ಫೆಬ್ರವರಿ 9ರಂದು ಮೊದಲ ಕಂತು ಸಿದ್ಧವಾಗಿತ್ತು. ಅದರಲ್ಲಿ 1 ಲಕ್ಷ ಸಹಿ ಇದ್ದವು. ಗಂಡಸರಿಗಿಂತ ಹೆಂಗಸರ ಸಹಿಯೇ ಹೆಚ್ಚು. ಎತ್ತರದ ಇಬ್ಬರು ಕಪ್ಪು ಗಂಡಸರು ಆ ದೊಡ್ಡ ಕಟ್ಟನ್ನು ಹೊತ್ತು ಸಂಸತ್ತಿನ ಮೇಲ್ಮನೆಯೊಳಗೆ ನಡೆದರು. ಚಾರ್ಲ್ಸ್ ಸಮ್ನರ್ ಎಂಬ ಸದಸ್ಯರ ಮೇಜಿನ ಮೇಲೆ ಇಟ್ಟರು. ಸಮ್ನರ್ ಎದ್ದು ನಿಂತು, ಇದು ಒಂದು ಲಕ್ಷ ಜನರ ಪ್ರಾರ್ಥನೆ ಎಂದು ಸಭೆಗೆ ತಿಳಿಸಿದರು.

ಒಮ್ಮೆ ಓದದೆ ಬದಿಗಿಟ್ಟ ಅರ್ಜಿ ಈಗ ಸಭೆಯ ನಡುವೆ ಬಂದು ಕೂತಿತ್ತು.

ಸಹಿ ಕೂಡಿಸುವ ಕೆಲಸ ನಿಲ್ಲಲಿಲ್ಲ. ಒಟ್ಟು ಸುಮಾರು 4 ಲಕ್ಷ ಸಹಿಗಳಾದವು. 10 ಲಕ್ಷದ ಗುರಿ ಮುಟ್ಟಲಿಲ್ಲ, ನಿಜ. ಆದರೆ ಜನರ ಮನಸ್ಸು ಏನೆಂದು ಸಂಸತ್ತಿಗೆ ಕಾಣಿಸಿತು.

ಸೋತು ಗೆದ್ದ ಓಟು

ಅಮೆರಿಕದ ಸಂವಿಧಾನ ತಿದ್ದಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲು ಸಂಸತ್ತಿನ ಎರಡೂ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಓಟು ಬೀಳಬೇಕು. ಆಮೇಲೆ ದೇಶದ ರಾಜ್ಯಗಳಲ್ಲಿ ಮುಕ್ಕಾಲು ಪಾಲು ರಾಜ್ಯಗಳು ಒಪ್ಪಬೇಕು.

1864ರ ಏಪ್ರಿಲ್ 8ರಂದು ಮೇಲ್ಮನೆ ಒಪ್ಪಿತು. ಪರವಾಗಿ 38, ವಿರೋಧವಾಗಿ 6. ಜೂನ್ ತಿಂಗಳಲ್ಲಿ ಕೆಳಮನೆಯಲ್ಲಿ ಓಟಾಯಿತು. ಅಲ್ಲಿ ಪರವಾದವರೇ ಹೆಚ್ಚಿದ್ದರು. ಆದರೆ ಮೂರರಲ್ಲಿ ಎರಡು ಪಾಲು ಆಗಲಿಲ್ಲ. ತಿದ್ದುಪಡಿ ಸೋತಿತು.

ಆ ವರ್ಷದ ನವೆಂಬರಿನಲ್ಲಿ ಲಿಂಕನ್ ಮತ್ತೆ ಗೆದ್ದರು. ಅವರು ಮತ್ತು ಅವರ ಕಡೆಯವರು ವಿರೋಧಿಗಳನ್ನು ಒಬ್ಬೊಬ್ಬರಾಗಿ ಕಂಡು ಒಪ್ಪಿಸಲು ಹೊರಟರು. ಕೆಲವರು ಮನಸ್ಸು ಬದಲಿಸಿದರು.

1865ರ ಜನವರಿ 31. ಕೆಳಮನೆಯಲ್ಲಿ ಮತ್ತೆ ಓಟು. ಮೇಲಿನ ಅಟ್ಟಣೆಯಲ್ಲಿ ಜನ ಕಿಕ್ಕಿರಿದಿದ್ದರು. ಕಪ್ಪು ಜನರೂ ಕೂತು ನೋಡುತ್ತಿದ್ದರು. ಪರವಾಗಿ 119. ವಿರೋಧವಾಗಿ 56. ಬೇಕಾಗಿದ್ದದ್ದು 117. ಪರವಾದವರಲ್ಲಿ 3 ಜನ ಆ ಕಡೆಗೆ ಹೋಗಿದ್ದರೆ ಮತ್ತೆ ಸೋಲಾಗುತ್ತಿತ್ತು! ಸಭೆಯಲ್ಲಿ ಜನ ಕೂಗಿದರು, ಅಪ್ಪಿಕೊಂಡರು, ಕೆಲವರು ಅತ್ತರು.

ಮರುದಿನ ಲಿಂಕನ್ ಆ ಕಾಗದಕ್ಕೆ ಸಹಿ ಹಾಕಿದರು. ಸಂವಿಧಾನದ ತಿದ್ದುಪಡಿಗೆ ಅಧ್ಯಕ್ಷರ ಸಹಿ ಬೇಕಾಗಿರಲಿಲ್ಲ. ಆದರೂ ಹಾಕಿದರು. ಸಹಿ ಎಂದರೆ ಇದಕ್ಕೆ ನಾನೂ ಇದ್ದೇನೆ ಎಂದು ಹೇಳುವುದು ತಾನೇ?

ಏಪ್ರಿಲ್ 14ರ ರಾತ್ರಿ ಒಬ್ಬ ಲಿಂಕನ್ ಅವರಿಗೆ ಗುಂಡು ಹೊಡೆದ. ಮರುದಿನ ಅವರು ತೀರಿಕೊಂಡರು. ಆದರೆ ತಿದ್ದುಪಡಿ ನಿಲ್ಲಲಿಲ್ಲ. ಆಗ ದೇಶದಲ್ಲಿದ್ದದ್ದು 36 ರಾಜ್ಯ. ಮುಕ್ಕಾಲು ಪಾಲು ಎಂದರೆ 27. ಡಿಸೆಂಬರ್ 6ರಂದು 27ನೆಯ ರಾಜ್ಯ ಒಪ್ಪಿತು. ಅದು ದಕ್ಷಿಣದ ಜಾರ್ಜಿಯಾ. ಇದೇ ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ.

ಬರೆದದ್ದು ಬದುಕಿಗೆ ಬರಬೇಕು

ಬಿಡುಗಡೆಯಾದ ಜನ ಮೊದಲು ಕೇಳಿದ್ದರಲ್ಲಿ ಒಂದು, ಶಾಲೆ. ವರ್ಜೀನಿಯಾದಲ್ಲಿ ಮೇರಿ ಪೀಕ್ ಎಂಬ ಕಪ್ಪು ಶಿಕ್ಷಕಿ 1861ರಲ್ಲೇ ಪಾಠ ಶುರು ಮಾಡಿದ್ದರು. ಒಂದು ದೊಡ್ಡ ಓಕ್ ಮರದ ನೆರಳಿನಲ್ಲಿ ಅವರು ಪಾಠ ಹೇಳಿದರು ಎಂದು ಜನ ನೆನೆಯುತ್ತಾರೆ. ಹಗಲು ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ. ನಮ್ಮ ಕಟ್ಟೆಯ ಮೇಲಿನ ರಾತ್ರಿ ಪಾಠದ ಹಾಗೆಯೇ ಅಲ್ವಾ?

ಓದು ಬೇಕಾಗಿತ್ತು. ಯಾಕೆಂದರೆ ಟೆಕ್ಸಾಸ್ ರಾಜ್ಯದಲ್ಲಿ ಧಣಿಗಳು ಬಿಡುಗಡೆಯ ಘೋಷಣೆಯನ್ನು ಜಾರಿಗೆ ತರಲೇ ಇಲ್ಲ. ಘೋಷಣೆ ಹೊರಟು ಎರಡೂವರೆ ವರ್ಷವಾದ ಮೇಲೆ, 1865ರ ಜೂನ್ 19ರಂದು, ಸೈನ್ಯ ಬಂದು ಆಜ್ಞೆ ಓದಿ ಹೇಳಿತು. ಅಷ್ಟು ದಿನ ಅಲ್ಲಿನ ಜನ ಗುಲಾಮರಾಗಿಯೇ ದುಡಿದರು. ಆ ದಿನವನ್ನು 2021ರಿಂದ ಅಮೆರಿಕ ರಾಷ್ಟ್ರೀಯ ರಜೆಯಾಗಿ ಆಚರಿಸುತ್ತಿದೆ.

ಇನ್ನೊಂದು ಸಂಗತಿ. 13ನೆಯ ತಿದ್ದುಪಡಿಯಲ್ಲಿ ಒಂದು ಸಣ್ಣ ಮಾತು ಉಳಿದುಕೊಂಡಿತು. ಅಪರಾಧಕ್ಕೆ ಶಿಕ್ಷೆಯಾದವರನ್ನು ಬಿಟ್ಟು, ಮಿಕ್ಕ ಯಾರನ್ನೂ ಗುಲಾಮರಾಗಿ ದುಡಿಸಬಾರದು ಎಂದು ಬರೆದರು. ದಕ್ಷಿಣದ ರಾಜ್ಯಗಳು ಈ ಸಂದಿಯಲ್ಲಿ ನುಗ್ಗಿದವು. ಕೆಲಸವಿಲ್ಲದೆ ಅಲೆಯುವುದೇ ಅಪರಾಧ ಎಂದವು. ಕಪ್ಪು ಜನರನ್ನು ಹಿಡಿದು, ದಂಡ ಹಾಕಿ, ಕೈದಿಗಳೆಂದು ಗಣಿ ಮತ್ತು ಹೊಲಗಳ ಒಡೆಯರಿಗೆ ಬಾಡಿಗೆಗೆ ಕೊಟ್ಟವು. ಮುಂದೆ 1868ರಲ್ಲಿ ಇನ್ನೊಂದು ತಿದ್ದುಪಡಿ ಬಂದು ಕಪ್ಪು ಜನರನ್ನು ಪ್ರಜೆಗಳೆಂದಿತು. 1870ರಲ್ಲಿ ಮತ್ತೊಂದು ಬಂದು, ಬಣ್ಣ ನೋಡಿ ಓಟು ತಪ್ಪಿಸಬಾರದು ಎಂದಿತು. ಆದರೆ ಹೆಂಗಸರು ಆಗಲೂ ಹೊರಗೇ. ಹೆಣ್ಣು ಎಂಬ ಕಾರಣಕ್ಕೆ ಓಟು ತಪ್ಪಿಸಬಾರದು ಎಂದು ಬರೆಯಲು 1920 ಬರಬೇಕಾಯಿತು. 4 ಲಕ್ಷ ಸಹಿ ಕೂಡಿಸಿದ ಸ್ಟಾಂಟನ್, ಆಂಟನಿ ಅದನ್ನು ಕಾಣುವ ಮೊದಲೇ ತೀರಿಕೊಂಡಿದ್ದರು.

ನಮ್ಮ ಸಂವಿಧಾನದಲ್ಲಿ

ಅಮೆರಿಕದ ಈ ಸುದ್ದಿ ನಮ್ಮ ದೇಶಕ್ಕೂ ಮುಟ್ಟಿತು. ಪುಣೆಯ ಜೋತಿರಾವ್ ಫುಲೆ ಮತ್ತು ಅವರ ಹೆಂಡತಿ ಸಾವಿತ್ರಿಬಾಯಿ 1848ರಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಫುಲೆಯವರು 1873ರಲ್ಲಿ 'ಗುಲಾಮಗಿರಿ' ಎಂಬ ಪುಸ್ತಕ ಬರೆದರು. ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 23ನೆಯ ವಿಧಿಯನ್ನು ನೆನಪಿಡೋಣ. ಮನುಷ್ಯರನ್ನು ಮಾರುವಂತಿಲ್ಲ. ಬಿಟ್ಟಿ ಚಾಕರಿ ಮಾಡಿಸುವಂತಿಲ್ಲ. ಬಲವಂತದಿಂದ ದುಡಿಸುವಂತಿಲ್ಲ. 1976ರಲ್ಲಿ ಜೀತ ಪದ್ಧತಿಯನ್ನು ರದ್ದು ಮಾಡುವ ಕಾನೂನೂ ಬಂತು. ಅದರ ಪ್ರಕಾರ ಜೀತಕ್ಕೆ ಇಟ್ಟ ಸಾಲವನ್ನು ತೀರಿಸಬೇಕಾಗಿಲ್ಲ. ಸಾಲದ ಹೆಸರಿನಲ್ಲಿ ಯಾರನ್ನಾದರೂ ಕೂಡಿಹಾಕಿ ದುಡಿಸುತ್ತಿದ್ದರೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು.

ದೂರನ್ನು ಬರೆಯಬೇಕು. ಕೆಳಗೆ ಸಹಿ ಹಾಕಬೇಕು. ಅದು ಈಗ ನಮ್ಮ ಕೈಯಲ್ಲೇ ಇದೆ.

ಸಹಿ ಹಾಕುವ ಮುಂಚೆ ಓದೋಣ. ಸಣ್ಣ ಅಕ್ಷರದಲ್ಲಿ ಏನಿದೆ ಎಂದೂ ಓದೋಣ. ಸಂದಿ ಎಲ್ಲಿದೆ ಎಂದು ಹುಡುಕೋಣ. ನ್ಯಾಯದ ಮಾತಾದರೆ ಧೈರ್ಯದಿಂದ ಸಹಿ ಹಾಕೋಣ. ಪಕ್ಕದ ಮನೆಯವರ ಸಹಿಯನ್ನೂ ಕೂಡಿಸೋಣ.

ಹೊಸ ಪದಗಳು

ಸಂವಿಧಾನ – ದೇಶದ ತಾಯಿ ಕಾನೂನು
ತಿದ್ದುಪಡಿ – ಕಾನೂನಿನಲ್ಲಿ ಮಾಡುವ ಬದಲಾವಣೆ
ಮನವಿ – ಬೇಡಿಕೆ ಬರೆದ ಅರ್ಜಿ
ಘೋಷಣೆ – ಎಲ್ಲರಿಗೂ ತಿಳಿಯುವಂತೆ ಸರ್ಕಾರ ಸಾರುವುದು
ವಿಧಿ – ಸಂವಿಧಾನದ ಒಂದು ಭಾಗ

ಕೂತು ಮಾತಾಡೋಣ

1. ಗುಲಾಮರು ಓದು ಕಲಿಯಬಾರದು ಎಂದು ಧಣಿಗಳು ಯಾಕೆ ಹೇಳಿದರು?
2. ಲಿಂಕನ್ ಘೋಷಣೆ ಹೊರಡಿಸಿದ ಮೇಲೂ ಸಂವಿಧಾನವನ್ನು ಯಾಕೆ ತಿದ್ದಬೇಕಾಯಿತು?
3. ಓಟಿಲ್ಲದ ಹೆಂಗಸರು ಸಂಸತ್ತಿಗೆ ತಮ್ಮ ಮಾತನ್ನು ಹೇಗೆ ಮುಟ್ಟಿಸಿದರು?
4. ನಮ್ಮ ಊರಿನಲ್ಲಿ ಸಾಲಕ್ಕಾಗಿ ದುಡಿಯುವವರು, ಇಟ್ಟಿಗೆ ಗೂಡಿನಲ್ಲೋ ಕಲ್ಲಿನ ಗಣಿಯಲ್ಲೋ ಹೊರಗೆ ಬಿಡದೆ ದುಡಿಸಿಕೊಳ್ಳುವವರು ಇದ್ದಾರೆಯೇ?
5. ನಮ್ಮ ಊರಿಗೆ ಬೇಕಾದ ಒಂದು ಕೆಲಸದ ಬಗ್ಗೆ ಐದು ಸಾಲಿನ ಮನವಿ ಬರೆಯಿರಿ. ಎಲ್ಲರೂ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.